ಓದುಗರ ಪ್ರಶ್ನೋತ್ತರ: ಎತ್ತಿಟ್ಟ ಕೊಂಡಿ ಬೇಕಾದಾಗ ಕೈಗೆ ಸಿಗಬೇಕು

ಈ ಸಲದ ಅಂಕಣಕ್ಕೆ ಬಂದ ಪ್ರಶ್ನೆಗಳೆಲ್ಲ ಶಿಕ್ಷಕರವು. ಪಾಠಕ್ಕೆ ಬೇಕಾದ ಜಾಲಪುಟಗಳನ್ನು ಟ್ಯಾಗ್ (ಮತ್ತೆ ಹುಡುಕಲು ಅಂಟಿಸುವ ಗುರುತಿನ ಪದ) ಹಾಕಿ ಇಟ್ಟುಕೊಳ್ಳುವುದು ಹೇಗೆ, ಸಹೋದ್ಯೋಗಿಗಳ ಜತೆ ಸೇರಿ ಅದನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂದು ಬಹಳ ಮಂದಿ ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬ್ರೌಸರ್‌ನಲ್ಲಿ ನಕ್ಷತ್ರದ ಗುರುತು ಒತ್ತಿ ಪುಟಗಳನ್ನು ಉಳಿಸಿಕೊಳ್ಳುತ್ತೇನೆ. ನಮ್ಮ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ದಿನಾ ಕೊಂಡಿಗಳು ಬರುತ್ತವೆ. ಇಷ್ಟಿರುವಾಗ ಸೋಷಿಯಲ್ ಬುಕ್‌ಮಾರ್ಕಿಂಗ್ ಎಂಬ ಇನ್ನೊಂದನ್ನು ಕಲಿಯುವ ಅಗತ್ಯವೇನು?
– ಪ್ರಾಥಮಿಕ ಶಾಲಾ ಶಿಕ್ಷಕಿ

ಉತ್ತರ: ಮೂರು ತಿಂಗಳ ಹಿಂದೆ ಗುಂಪಿನಲ್ಲಿ ಬಂದ ಒಂದು ಒಳ್ಳೆಯ ವಿಡಿಯೊವನ್ನು ಈಗ ಹುಡುಕಿ ನೋಡಿ. ಕಳಿಸಿದವರ ಹೆಸರಾಗಲಿ, ಸಂದೇಶದಲ್ಲಿದ್ದ ಒಂದು ಪದವಾಗಲಿ ನೆನಪಿದ್ದರೆ ಸಿಕ್ಕೀತು. ಇಲ್ಲದಿದ್ದರೆ ಬೆರಳು ಸೋಲುವವರೆಗೆ ಮೇಲಕ್ಕೆ ಸರಿಸುತ್ತಾ ಹೋಗಬೇಕು. ಹರಟೆಯ ಗುಂಪು ಸುದ್ದಿ ಮುಟ್ಟಿಸುವುದಕ್ಕೆ ಒಳ್ಳೆಯದು, ದಾಸ್ತಾನಿಗಲ್ಲ.

ಬ್ರೌಸರ್‌ನ ಬುಕ್‌ಮಾರ್ಕಿನ ತೊಂದರೆ ಬೇರೆ. ಅಲ್ಲಿರುವುದು ಫೋಲ್ಡರ್ ಪದ್ಧತಿ. ನೀರಿನ ಆವರ್ತನದ ವಿಡಿಯೊವನ್ನು 'ವಿಜ್ಞಾನ' ಫೋಲ್ಡರ್‌ನಲ್ಲಿ ಇಟ್ಟರೆ 'ಭೂಗೋಳ' ಫೋಲ್ಡರ್‌ನಲ್ಲಿ ಅದು ಇರುವುದಿಲ್ಲ. ಟ್ಯಾಗ್‌ಗೆ ಈ ಕಟ್ಟಿಲ್ಲ: ಒಂದೇ ಕೊಂಡಿಗೆ ಎರಡೂ ಪದ ಹಾಕಿ, ಎರಡೂ ದಾರಿಯಲ್ಲಿ ಅದು ಸಿಗುತ್ತದೆ. ಕ್ರೋಮ್‌ನ ಬುಕ್‌ಮಾರ್ಕ್‌ಗಳಲ್ಲಿ ಟ್ಯಾಗ್ ಸೌಲಭ್ಯ ಇಲ್ಲವೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಇದೆ. ನಕ್ಷತ್ರ ಒತ್ತಿದಾಗ ತೆರೆಯುವ ಪೆಟ್ಟಿಗೆಯಲ್ಲೇ ಅದರ ಜಾಗವಿರುತ್ತದೆ, ಬಹಳ ಮಂದಿ ಗಮನಿಸುವುದಿಲ್ಲ ಅಷ್ಟೇ. ವಿಳಾಸ ಪಟ್ಟಿಯಲ್ಲಿ ಕೂಡಿಸುವ ಚಿಹ್ನೆ, ಒಂದು ಸ್ಥಳ, ಆಮೇಲೆ ಪದ ಬರೆದರೆ ಆ ಟ್ಯಾಗ್ ಇರುವ ಪುಟಗಳನ್ನಷ್ಟೇ ತೋರಿಸುತ್ತದೆ. ಒಬ್ಬರೇ ಬಳಸುವುದಾದರೆ ಇಷ್ಟರಿಂದಲೇ ಶುರುಮಾಡಬಹುದು, ಹೊಸ ಖಾತೆಯೂ ಬೇಡ.

ಸೋಷಿಯಲ್ ಬುಕ್‌ಮಾರ್ಕಿಂಗ್‌ನಲ್ಲಿ ಕೊಂಡಿಗಳು ನಿಮ್ಮ ಕಂಪ್ಯೂಟರಿನ ಬದಲು ಜಾಲತಾಣದ ಖಾತೆಯಲ್ಲಿರುತ್ತವೆ. ಶಾಲೆಯಲ್ಲಿ, ಮನೆಯಲ್ಲಿ, ಫೋನಿನಲ್ಲಿ ಒಂದೇ ಸಂಗ್ರಹ ತೆರೆಯುತ್ತದೆ. ಬೇರೆಯವರ ಜತೆ ಸೇರಿ ಕೂಡಿಸಬಹುದು. ಇದನ್ನು ಜನಕ್ಕೆ ಮುಟ್ಟಿಸಿದ್ದು 2003ರಲ್ಲಿ ಜೋಶುವಾ ಶಾಕ್ಟರ್ ಶುರುಮಾಡಿದ ಡೆಲಿಷಿಯಸ್ ಎಂಬ ಜಾಲತಾಣ. ಜನ ತಮಗೆ ತೋಚಿದ ಪದಗಳಿಂದ ತಾವೇ ಕಟ್ಟುವ ಇಂಥ ವರ್ಗೀಕರಣಕ್ಕೆ 'ಫೋಕ್ಸಾನಮಿ' ಎಂದು 2004ರಲ್ಲಿ ಹೆಸರಿಟ್ಟವರು ಥಾಮಸ್ ವ್ಯಾಂಡರ್ ವಾಲ್. ಗ್ರಂಥಾಲಯದ ವರ್ಗೀಕರಣ ಮೊದಲೇ ಸಿದ್ಧವಾಗಿರುತ್ತದೆ. ಇಲ್ಲಿ ಬಳಸುವವರೇ ಕಟ್ಟುತ್ತಾರೆ. ಇದರ ಅನುಕೂಲವೂ ತಾಪತ್ರಯವೂ ಹುಟ್ಟುವುದು ಅಲ್ಲೇ. ಮುಂದಿನ ಪ್ರಶ್ನೆಗಳಲ್ಲಿ ಎರಡೂ ಬರುತ್ತವೆ.

ಪ್ರಶ್ನೆ: ಒಂದು ಕೊಂಡಿಗೆ ಎಷ್ಟು ಟ್ಯಾಗ್ ಹಾಕಬೇಕು? ನಾನು 'ಗಣಿತ' ಎಂದು ಹಾಕುತ್ತಾ ಬಂದೆ. ಈಗ ಆ ಪದ ಒತ್ತಿದರೆ 210 ಕೊಂಡಿಗಳು ಬರುತ್ತವೆ, ಪ್ರಯೋಜನವಾಗುತ್ತಿಲ್ಲ.
– ಗಣಿತ ಶಿಕ್ಷಕ

ಉತ್ತರ: 'ಗಣಿತ' ತಪ್ಪು ಟ್ಯಾಗ್ ಅಲ್ಲ, ಒಂಟಿ ಟ್ಯಾಗ್. ಟ್ಯಾಗ್‌ಗಳ ಶಕ್ತಿ ಇರುವುದು ಎರಡು ಮೂರನ್ನು ಕೂಡಿಸಿ ಹುಡುಕುವುದರಲ್ಲಿ. ಒಂದು ಪದ 210 ತೋರಿಸಲಿ, ಅದರ ಜತೆ ಇನ್ನೊಂದು ಪದ ಸೇರಿದಾಗ 12ಕ್ಕೆ ಇಳಿಯಬೇಕು.

ಕೊಂಡಿ ಉಳಿಸುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವುದರ ಬಗ್ಗೆ? ಯಾವ ತರಗತಿಗೆ? ಇದು ಏನು: ವಿಡಿಯೊನೋ, ಅಭ್ಯಾಸದ ಹಾಳೆಯೋ, ಆಟವೋ, ಓದುವ ಲೇಖನವೋ? ಪಾಠದ ಯಾವ ಘಟ್ಟದಲ್ಲಿ ಬೇಕಾಗುತ್ತದೆ: ಪೀಠಿಕೆಗೋ, ಅಭ್ಯಾಸಕ್ಕೋ, ಪುನರಾವರ್ತನೆಗೋ? ಒಂದೊಂದಕ್ಕೆ ಒಂದೊಂದು ಪದ. ಮೊದಲನೆಯದಕ್ಕೆ ಮಾತ್ರ ಎರಡು ಬೇಕಾಗಬಹುದು, ಒಂದು ಅಗಲದ್ದು, ಒಂದು ನಿಖರವಾದದ್ದು. ಒಟ್ಟು ನಾಲ್ಕೈದು. ಎಂಟು ದಾಟಿದರೆ ಉಳಿಸುವುದೇ ಹೊರೆಯಾಗಿ ಅಭ್ಯಾಸ ಬಿಟ್ಟುಹೋಗುತ್ತದೆ.

ಛೇದ ಬೇರೆಬೇರೆ ಇರುವ ಭಿನ್ನರಾಶಿಗಳನ್ನು ಕಾಗದ ಮಡಿಸಿ ಕೂಡಿಸುವುದನ್ನು ತೋರಿಸುವ ಆರು ನಿಮಿಷದ ವಿಡಿಯೊ ಸಿಕ್ಕಿತು ಎಂದುಕೊಳ್ಳಿ. ಟ್ಯಾಗ್‌ಗಳು: ಗಣಿತ, ಭಿನ್ನರಾಶಿ, ತರಗತಿ-06, ವಿಡಿಯೊ, ಪೀಠಿಕೆ. 'ಚೆನ್ನಾಗಿದೆ' ಎಂದು ಹಾಕಬೇಡಿ. ಚೆನ್ನಾಗಿಲ್ಲದ್ದನ್ನು ನೀವು ಉಳಿಸುತ್ತಲೇ ಇರಲಿಲ್ಲ, ಹಾಗಾಗಿ ಆ ಪದ ಏನನ್ನೂ ಬೇರ್ಪಡಿಸುವುದಿಲ್ಲ. 'ಕಾಗದ ಮಡಿಸುವುದು' ಎಂಬುದನ್ನು ಟ್ಯಾಗ್ ಮಾಡದೆ ವಿವರಣೆಯ ಜಾಗದಲ್ಲಿ ಒಂದು ಸಾಲಾಗಿ ಬರೆಯಿರಿ: "ಕಾಗದ ಮಡಿಸಿ ಅರ್ಧ ಮತ್ತು ಮೂರನೇ ಒಂದು ಭಾಗ ಕೂಡಿಸುತ್ತಾರೆ; 2ನೇ ನಿಮಿಷದಿಂದ ತೋರಿಸಿದರೆ ಸಾಕು." ಮುಂದಿನ ವರ್ಷ ವಿಡಿಯೊವನ್ನು ಮತ್ತೆ ಪೂರ್ತಿ ನೋಡಬೇಕಾದ ಕಷ್ಟವನ್ನು ಈ ಒಂದು ಸಾಲು ತಪ್ಪಿಸುತ್ತದೆ. ಟ್ಯಾಗ್‌ನಿಂದ ಕೊಂಡಿ ಸಿಗುತ್ತದೆ, ಅದನ್ನೇ ಆರಿಸಬೇಕೋ ಬೇಡವೋ ಎಂದು ತಿಳಿಯುವುದು ವಿವರಣೆಯಿಂದ. ಎರಡರಲ್ಲಿ ಒಂದಕ್ಕೆ ಮಾತ್ರ ಸಮಯವಿದ್ದರೆ ವಿವರಣೆ ಬರೆಯಿರಿ ಎಂದೇ ನಮ್ಮ ಸಲಹೆ, ಏಕೆಂದರೆ ವಿವರಣೆಯಲ್ಲಿರುವ ಪದಗಳೂ ಹುಡುಕಾಟದಲ್ಲಿ ಸಿಗುತ್ತವೆ.

'ತರಗತಿ-06' ಎಂದು ಸೊನ್ನೆ ಹಾಕಿದ್ದಕ್ಕೆ ಕಾರಣವಿದೆ. ಅಕ್ಷರಗಳ ಅನುಕ್ರಮದಲ್ಲಿ ಜೋಡಿಸುವ ತಂತ್ರಾಂಶಗಳು 10ನ್ನು 6ರ ಮುಂಚೆ ಇಡುತ್ತವೆ, ಸೊನ್ನೆ ಇದ್ದರೆ ಕ್ರಮ ಕೆಡುವುದಿಲ್ಲ. ಅಂಕಿಗಳನ್ನು ಒಬ್ಬರು 6 ಎಂದೂ ಇನ್ನೊಬ್ಬರು ೬ ಎಂದೂ ಬರೆದರೆ ಕಂಪ್ಯೂಟರಿಗೆ ಅವು ಬೇರೆಬೇರೆ ಟ್ಯಾಗ್‌ಗಳು.

ಪ್ರಶ್ನೆ: ಟ್ಯಾಗ್ ಕನ್ನಡದಲ್ಲಿ ಇರಬೇಕೋ ಇಂಗ್ಲಿಷಿನಲ್ಲೋ? ನಮ್ಮ ಗುಂಪಿನ ಪಟ್ಟಿಯಲ್ಲಿ 'ಕಾರ್ಬನ್' ಎಂಬ ಟ್ಯಾಗ್ ಎರಡು ಸಲ ಕಾಣುತ್ತದೆ. ಅಕ್ಷರಕ್ಷರ ಹೋಲಿಸಿದರೂ ವ್ಯತ್ಯಾಸ ಸಿಗಲಿಲ್ಲ.
– ವಿಜ್ಞಾನ ಶಿಕ್ಷಕಿ, ಪ್ರೌಢಶಾಲೆ

ಉತ್ತರ: ಕಣ್ಣಿಗೆ ಕಾಣದ ಒಂದು ಅಕ್ಷರ ಅಲ್ಲಿ ಕುಳಿತಿದೆ. 'ಕಾರ್ಬನ್‌ನ' ಎಂದು ಟೈಪ್ ಮಾಡುವಾಗ ಒತ್ತಕ್ಷರ ಆಗದಂತೆ ತಡೆಯಲು 'ನ್' ಮತ್ತು 'ನ' ನಡುವೆ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ ಅಗಲವಿಲ್ಲದ ಅಕ್ಷರ ಸೇರುತ್ತದೆ. ಆಮೇಲೆ ಕೊನೆಯ 'ನ' ಅಳಿಸಿದರೆ ಪದ 'ಕಾರ್ಬನ್' ಎಂದೇ ಕಾಣುತ್ತದೆ, ಆದರೆ ಆ ಅಗೋಚರ ಅಕ್ಷರ ಬಾಲದಲ್ಲಿ ಉಳಿದಿರುತ್ತದೆ. ಲೇಖನದಿಂದ ಪದವನ್ನು ನಕಲು ಮಾಡಿ ಅಂಟಿಸಿದಾಗಲೂ ಹೀಗಾಗುತ್ತದೆ. ಪರೀಕ್ಷೆ ಸುಲಭ: ಕರ್ಸರ್ ಅನ್ನು ಪದದ ಕೊನೆಯಲ್ಲಿಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ಪರದೆಯ ಮೇಲೆ ಏನೂ ಕಡಿಮೆಯಾಗದಿದ್ದರೆ ಅಳಿಸಿಹೋದದ್ದು ಅದೇ.

ಬೇರೆ ಪದಗಳಲ್ಲಿ ಇನ್ನೊಂದು ಕಾರಣವೂ ಇರಬಹುದು. 'ಕೋ' ಅಕ್ಷರದ ಓತ್ವವನ್ನು ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂಬ ಮೂರು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ನೋಡುವುದಕ್ಕೆ ಎರಡೂ ಒಂದೇ. ತಂತ್ರಾಂಶ ಎರಡನ್ನೂ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಎರಡು ಟ್ಯಾಗ್ ಆಗುತ್ತದೆ. ಎರಡಕ್ಕೂ ಮದ್ದು ಒಂದೇ: ಟ್ಯಾಗ್ ಅನ್ನು ಅಂಟಿಸಬೇಡಿ, ಮೊದಲ ಎರಡು ಮೂರು ಅಕ್ಷರ ಬರೆದು ಪೆಟ್ಟಿಗೆ ಸೂಚಿಸುವ ಹಳೆಯ ಟ್ಯಾಗ್ ಆರಿಸಿಕೊಳ್ಳಿ. ಈಗಾಗಲೇ ಅವಳಿಯಾಗಿರುವುದನ್ನು ಟ್ಯಾಗ್ ನಿರ್ವಹಣೆಯ ಪುಟದಲ್ಲಿ ಸೇರಿಸಬಹುದು. ಹಲವು ಸೇವೆಗಳಲ್ಲಿ ಒಂದು ಟ್ಯಾಗ್‌ನ ಹೆಸರು ಬದಲಿಸಿ, ಈಗಾಗಲೇ ಇರುವ ಇನ್ನೊಂದರ ಹೆಸರನ್ನೇ ಕೊಟ್ಟರೆ ಎರಡೂ ಒಂದಾಗುತ್ತವೆ. ಇದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಮೊದಲು ಒಂದು ಬ್ಯಾಕಪ್ ತೆಗೆದಿಡಿ.

ಭಾಷೆಯ ವಿಚಾರಕ್ಕೆ ಬಂದರೆ, ನೀವು ಹುಡುಕುವಾಗ ಬೆರಳಿಗೆ ಮೊದಲು ಬರುವ ಪದ ಯಾವುದೋ ಅದೇ ಇರಲಿ. ಕನ್ನಡದಲ್ಲಿ ಪಾಠ ಮಾಡುವವರಿಗೆ 'ದ್ಯುತಿಸಂಶ್ಲೇಷಣೆ' ತಾನಾಗಿ ಬರುತ್ತದೆ. ಗುಂಪಿನಲ್ಲಿ ಎರಡು ಮಾಧ್ಯಮದವರೂ ಇದ್ದರೆ ವಿಷಯದ ಟ್ಯಾಗ್ ಮಾತ್ರ ಎರಡೂ ಭಾಷೆಯಲ್ಲಿ ಹಾಕಿ, ಉಳಿದವು ಒಂದೇ ಭಾಷೆಯಲ್ಲಿ ಸಾಕು. ಕನ್ನಡಕ್ಕೆ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ಏಕವಚನದಲ್ಲೇ ಬರೆಯಿರಿ: ಭಿನ್ನರಾಶಿ, 'ಭಿನ್ನರಾಶಿಗಳು' ಅಲ್ಲ. ವಿಭಕ್ತಿ ಪ್ರತ್ಯಯ ಬೇಡ: ಸಸ್ಯ, 'ಸಸ್ಯದ' ಅಲ್ಲ. ವಿಡಿಯೊ, ವೀಡಿಯೊ, ವಿಡಿಯೋ ಇವುಗಳಲ್ಲಿ ಯಾವುದು ಸರಿ ಎಂದು ವಾದಿಸುವುದಕ್ಕಿಂತ ಒಂದನ್ನು ಆರಿಸಿ ಎಲ್ಲರೂ ಅದಕ್ಕೆ ಅಂಟಿಕೊಳ್ಳುವುದು ಮುಖ್ಯ.

ಪ್ರಶ್ನೆ: ಯಾವ ಸೇವೆ ಬಳಸುವುದು ಒಳ್ಳೆಯದು?
– ಹಲವರು

ಉತ್ತರ: ಕೆಲಸ ಏನೆಂಬುದರ ಮೇಲೆ ಹೋಗುತ್ತದೆ. ಪುಟದ ಮೇಲೆಯೇ ಸಾಲುಗಳಿಗೆ ಬಣ್ಣ ಬಳಿದು, ಪಕ್ಕದಲ್ಲಿ ಟಿಪ್ಪಣಿ ಅಂಟಿಸಿ, ಅದನ್ನು ಗುಂಪಿಗೆ ತೋರಿಸಬೇಕೆಂದರೆ ಡೀಗೊ. ಅದರ ಗುಂಪುಗಳಲ್ಲಿ ಟ್ಯಾಗ್ ನಿಘಂಟು ಎಂಬ ಸೌಲಭ್ಯವೂ ಇದೆ. ನಿರ್ವಾಹಕರು ಒಪ್ಪಿತ ಪದಗಳ ಪಟ್ಟಿ ಇಟ್ಟರೆ ಸದಸ್ಯರಿಗೆ ಅವೇ ಸೂಚನೆಯಾಗಿ ಬರುತ್ತವೆ. ಚಿತ್ರಸಹಿತ ಅಚ್ಚುಕಟ್ಟಾದ ಸಂಗ್ರಹ, ಹೊಸಬರಿಗೆ ಬೇಗ ಒಗ್ಗುವಂಥದ್ದು ಬೇಕಿದ್ದರೆ ರೈನ್‌ಡ್ರಾಪ್. ಚಿತ್ರ ಇಲ್ಲದೆ ಬರೀ ಅಕ್ಷರಗಳಲ್ಲಿ, ವೇಗವಾಗಿ ಕೆಲಸ ಮಾಡುವ ಪಿನ್‌ಬೋರ್ಡ್ 2009ರಿಂದ ನಡೆಯುತ್ತಿದೆ, ಅದಕ್ಕೆ ಶುಲ್ಕವಿದೆ. ಸಂಶೋಧನಾ ಲೇಖನ, ಪುಸ್ತಕಗಳ ವಿವರ ಇಡುವವರಿಗೆ ಝೊಟೆರೊ ಸರಿ. ಉಚಿತ, ಮುಕ್ತ ತಂತ್ರಾಂಶ, ಗುಂಪು ಗ್ರಂಥಾಲಯವೂ ಇದೆ. ಅದರಲ್ಲಿ ಒಂಬತ್ತು ಟ್ಯಾಗ್‌ಗಳಿಗೆ ಬಣ್ಣ ಕೊಟ್ಟು 1ರಿಂದ 9ರವರೆಗಿನ ಅಂಕಿ ಕೀಲಿ ಒತ್ತಿ ಹಾಕಬಹುದು. ಆದರೆ ಗ್ರಂಥಾಲಯ ಸೂಚಿಗಳಿಂದ ವಿವರ ತರುವಾಗ ಅಲ್ಲಿನ ವಿಷಯ ಶೀರ್ಷಿಕೆಗಳನ್ನೂ ಟ್ಯಾಗ್‌ಗಳಾಗಿ ಎಳೆದು ತಂದು ಪಟ್ಟಿ ತುಂಬಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸ್ವಯಂಚಾಲಿತ ಟ್ಯಾಗ್ ಆಯ್ಕೆಯನ್ನು ಮೊದಲ ದಿನವೇ ತೆಗೆದುಬಿಡಿ.

ಯಾವುದನ್ನೇ ಆರಿಸಿ, ಟ್ಯಾಗ್‌ಗಳ ನಡುವೆ ಏನು ಹಾಕಬೇಕೆಂದು ಮೊದಲು ತಿಳಿದುಕೊಳ್ಳಿ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಡೀಗೊ, ಪಿನ್‌ಬೋರ್ಡ್‌ಗಳಲ್ಲಿ ಖಾಲಿ ಜಾಗವೇ ಟ್ಯಾಗ್‌ಗಳನ್ನು ಬೇರ್ಪಡಿಸುತ್ತದೆ. 'ನೀರಿನ ಆವರ್ತನ' ಎಂದು ಬರೆದರೆ 'ನೀರಿನ' ಒಂದು, 'ಆವರ್ತನ' ಇನ್ನೊಂದು ಆಗುತ್ತದೆ. ಡೀಗೊದಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದರೆ ಒಂದಾಗಿ ಉಳಿಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಅಲ್ಪವಿರಾಮ ಬೇರ್ಪಡಿಸುತ್ತದೆ, ಖಾಲಿ ಜಾಗ ಇರಬಹುದು. ಎಲ್ಲೆಡೆ ಸಲ್ಲುವ ಉಪಾಯವೆಂದರೆ ಅಡ್ಡಗೆರೆ: ನೀರಿನ-ಆವರ್ತನ. ನಾಳೆ ಬೇರೆ ಸೇವೆಗೆ ಹೋದರೂ ಅದು ಒಡೆಯುವುದಿಲ್ಲ.

ಪ್ರಶ್ನೆ: ನಾನು ಹಂಚಿದ ಕೊಂಡಿಗಳು ನನಗೆ ತೆರೆಯುತ್ತವೆ, ಸಹೋದ್ಯೋಗಿಗಳಿಗೆ ತೆರೆಯುವುದಿಲ್ಲ. ಒಂದೇ ಪುಟ ಗುಂಪಿನಲ್ಲಿ ಮೂರು ಸಲ ಬೇರೆ ಸೇರಿಕೊಂಡಿದೆ.
– ಸಮಾಜ ವಿಜ್ಞಾನ ಶಿಕ್ಷಕ

ಉತ್ತರ: ಮೊದಲನೆಯದಕ್ಕೆ ಕಾರಣ ಲಾಗಿನ್. ನೀವು ನಿಮ್ಮ ಖಾತೆಯೊಳಗಿಂದ ತೆರೆದ ಡ್ರೈವ್ ಕಡತವೋ ಕೋರ್ಸ್ ಪುಟವೋ ನಿಮಗೆ ಮಾತ್ರ ತೆರೆಯುತ್ತದೆ. ಹಂಚುವ ಮುಂಚೆ ಅದೇ ವಿಳಾಸವನ್ನು ಬ್ರೌಸರ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ಅಲ್ಲಿ ನಿಮ್ಮ ಲಾಗಿನ್ ಇರುವುದಿಲ್ಲ) ಅಂಟಿಸಿ ನೋಡಿ. ಅಲ್ಲಿ ಅನುಮತಿ ಕೇಳಿದರೆ ಉಳಿದವರಿಗೂ ಕೇಳುತ್ತದೆ.

ಎರಡನೆಯದಕ್ಕೆ ಕಾರಣ ವಿಳಾಸದ ಬಾಲ. ಮಿಂಚಂಚೆಯಿಂದಲೋ ಸಾಮಾಜಿಕ ಜಾಲತಾಣದಿಂದಲೋ ಬಂದ ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಯುಟಿಎಂ ಎಂದು ಶುರುವಾಗುವ ಉದ್ದನೆಯ ಸಾಲು ಇರುತ್ತದೆ. ಓದುಗರು ಯಾವ ಕಡೆಯಿಂದ ಬಂದರು ಎಂದು ಎಣಿಸುವ ಗುರುತು ಅದು. ಬಾಲ ಬೇರೆಯಾದರೆ ಸೇವೆ ಅದನ್ನು ಬೇರೆ ಪುಟವೆಂದೇ ಭಾವಿಸಬಹುದು. ಪ್ರಶ್ನಾರ್ಥಕದಿಂದ ಮುಂದಿನದನ್ನು ಅಳಿಸಿ ಎಂಟರ್ ಒತ್ತಿ. ಅದೇ ಪುಟ ಬಂದರೆ ಆ ಚಿಕ್ಕ ವಿಳಾಸವನ್ನೇ ಉಳಿಸಿ. ಯೂಟ್ಯೂಬ್‌ನಲ್ಲಿ ಮಾತ್ರ ಹೀಗೆ ಮಾಡಬೇಡಿ. ಅಲ್ಲಿ ಪ್ರಶ್ನಾರ್ಥಕದ ನಂತರ ಇಂಗ್ಲಿಷಿನ 'ವಿ' ಅಕ್ಷರ, ಸಮಚಿಹ್ನೆ, ಆಮೇಲೆ ಬರುವ 11 ಅಕ್ಷರಗಳೇ ವಿಡಿಯೊದ ಗುರುತು. ಅವನ್ನು ಅಳಿಸಿದರೆ ವಿಡಿಯೊ ಹೋಯಿತು. ಅವುಗಳಾಚೆ ಇರುವುದನ್ನು ತೆಗೆಯಬಹುದು. 'ಟಿ' ಎಂದಿರುವ ಸಮಯದ ಗುರುತು ಉಳಿಸಿಕೊಳ್ಳಲು ಯೋಗ್ಯ: 95 ಎಂದಿದ್ದರೆ ವಿಡಿಯೊ 1 ನಿಮಿಷ 35 ಸೆಕೆಂಡಿನಿಂದ ಶುರುವಾಗುತ್ತದೆ.

ಪ್ರಶ್ನೆ: ನಮ್ಮ 25 ಶಿಕ್ಷಕರಿಗೆ 90 ನಿಮಿಷದ ತರಬೇತಿ ಕೊಡಬೇಕಿದೆ. ಹಿಂದಿನ ಸಲ ಖಾತೆ ತೆರೆಯುವುದರಲ್ಲೇ ಸಮಯ ಮುಗಿದುಹೋಯಿತು. ಹೇಗೆ ಯೋಜಿಸಲಿ?
– ಸಂಪನ್ಮೂಲ ಶಿಕ್ಷಕಿ

ಉತ್ತರ: ಖಾತೆಯ ಕೆಲಸವನ್ನು ತರಬೇತಿಯಿಂದ ಹೊರಗೆ ತೆಗೆಯಿರಿ. ಮೂರು ದಿನ ಮುಂಚೆ ಎಲ್ಲರಿಗೂ ಸೂಚನೆ ಕಳಿಸಿ, ಖಾತೆ ತೆರೆದು, ಮಿಂಚಂಚೆಗೆ ಬರುವ ದೃಢೀಕರಣದ ಕೊಂಡಿ ಒತ್ತಿ ಬರಲಿ. ಒಂದೇ ಜಾಲದಿಂದ 25 ಮಂದಿ ಒಮ್ಮೆಗೇ ನೋಂದಾಯಿಸಿಕೊಂಡರೆ ಸೇವೆಗಳು ಅದನ್ನು ಯಂತ್ರದ ದಾಳಿ ಎಂದು ಅನುಮಾನಿಸಿ ತಡೆಹಿಡಿಯುವುದುಂಟು. ನೀವು ಕೂಡ ಮೂರು ನಾಲ್ಕು ತಾತ್ಕಾಲಿಕ ಖಾತೆಗಳನ್ನು ಸಿದ್ಧವಾಗಿ ಇಟ್ಟುಕೊಳ್ಳಿ. ಪಾಸ್‌ವರ್ಡ್ ಮರೆತು ಬಂದವರು ಅದರಲ್ಲಿ ಕಲಿಯಲಿ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಲು ಅನುಮತಿ ಇದೆಯೇ ಎಂದು ಹಿಂದಿನ ದಿನವೇ ನೋಡಿ. ಇಲ್ಲದಿದ್ದರೆ ಬುಕ್‌ಮಾರ್ಕ್ ಪಟ್ಟಿಗೆ ಎಳೆದು ಬಿಡುವ ಬುಕ್‌ಮಾರ್ಕ್‌ಲೆಟ್ (ಒತ್ತಿದರೆ ಪುಟ ಉಳಿಸುವ ಗುಂಡಿ) ಬಳಸಿ, ಅದಕ್ಕೆ ಏನನ್ನೂ ಅಳವಡಿಸಬೇಕಿಲ್ಲ.

ಮೊದಲ 20 ನಿಮಿಷ ಕಂಪ್ಯೂಟರ್ ಮುಟ್ಟಲೇಬೇಡಿ. ಒಂದು ಪುಟದ ಲೇಖನವನ್ನು ಮುದ್ರಿಸಿ ಎಲ್ಲರಿಗೂ ಕೊಡಿ. ಜತೆಗೆ ಐದೈದು ಚೀಟಿ. ಪಕ್ಕದವರ ಕಡೆ ನೋಡದೆ ಚೀಟಿಗೆ ಒಂದರಂತೆ ಐದು ಟ್ಯಾಗ್ ಬರೆಯಲಿ. 125 ಚೀಟಿಗಳನ್ನೂ ಗೋಡೆಗೆ ಅಂಟಿಸಿ, ಒಂದೇ ಪದ ಇರುವವನ್ನು ಒಟ್ಟಿಗೆ ಸರಿಸಿ. ಒಂದೇ ಅರ್ಥಕ್ಕೆ ಎಷ್ಟು ಪದಗಳು ಬಂದಿವೆ ಎಂಬುದು ಅಲ್ಲೇ ಕಣ್ಣಿಗೆ ಕಟ್ಟುತ್ತದೆ. 1987ರಲ್ಲಿ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಸ್ತುವಿಗೆ ಇಬ್ಬರು ತಮ್ಮಷ್ಟಕ್ಕೆ ಒಂದೇ ಹೆಸರು ಆರಿಸುವ ಸಾಧ್ಯತೆ ಶೇ 20ಕ್ಕಿಂತ ಕಡಿಮೆ ಎಂದು ಕಂಡುಬಂದಿತ್ತು. ಅದನ್ನು ಭಾಷಣದಲ್ಲಿ ಹೇಳುವುದಕ್ಕಿಂತ ಗೋಡೆಯ ಮೇಲೆ ನೋಡಿದವರು ಮರೆಯುವುದಿಲ್ಲ. ಆ ಚೀಟಿಗಳಿಂದಲೇ ಗುಂಪಿನ ಮೊದಲ ಪದಪಟ್ಟಿ ಹುಟ್ಟಬೇಕು. ಹೊರಗಿನಿಂದ ತಂದ ಪಟ್ಟಿಯನ್ನು ಯಾರೂ ಪಾಲಿಸುವುದಿಲ್ಲ.

ನಂತರದ 15 ನಿಮಿಷ ಒಂದೇ ಕೊಂಡಿಯನ್ನು ಎಲ್ಲರೂ ಒಟ್ಟಿಗೆ ಉಳಿಸಲಿ: ಪುಟ ತೆರೆಯುವುದು, ವಿಳಾಸ ಸ್ವಚ್ಛಗೊಳಿಸುವುದು, ಶೀರ್ಷಿಕೆ ತಿದ್ದುವುದು, ಟ್ಯಾಗ್, ಒಂದು ಸಾಲಿನ ವಿವರಣೆ, ಗುಂಪು ಆರಿಸುವುದು. ಶೀರ್ಷಿಕೆಯನ್ನು ಬಹುತೇಕರು ಹಾಗೇ ಬಿಡುತ್ತಾರೆ. 'ಮುಖಪುಟ' ಎಂಬ ಹೆಸರಿನ ಹತ್ತು ಕೊಂಡಿಗಳು ರಾಶಿ ಬೀಳುವುದು ಅದರಿಂದಲೇ. ಆಮೇಲೆ 30 ನಿಮಿಷ, ನೀವು ಮೊದಲೇ ಆರಿಸಿ ಕೊಟ್ಟ 12 ಕೊಂಡಿಗಳಲ್ಲಿ ತಮ್ಮ ವಿಷಯಕ್ಕೆ ಸಂಬಂಧಿಸಿದ ನಾಲ್ಕನ್ನು ಒಬ್ಬೊಬ್ಬರೂ ಉಳಿಸಲಿ. ಆಗ ನೀವು ವೇದಿಕೆಯ ಬಳಿ ನಿಲ್ಲದೆ ಹಿಂದೆ ಓಡಾಡಿ. ಯಾರದ್ದು ಗುಂಪಿಗೆ ಹೋಗದೆ ಅವರ ಖಾಸಗಿ ಖಾತೆಯಲ್ಲೇ ಉಳಿದಿದೆ ಎಂಬುದು ಪರದೆ ನೋಡಿದರೆ ಮಾತ್ರ ತಿಳಿಯುತ್ತದೆ.

ಉಳಿದ 25 ನಿಮಿಷವನ್ನು ಹುಡುಕುವುದಕ್ಕೆ ಇಡಿ. ತರಬೇತಿಗಳಲ್ಲಿ ಇದೇ ಬಿಟ್ಟುಹೋಗುವುದು. "ಏಳನೇ ತರಗತಿಗೆ ಬೆಳಕಿನ ಪ್ರತಿಫಲನದ ಅಭ್ಯಾಸ ಹಾಳೆ ಬೇಕು, ಒಂದು ನಿಮಿಷದಲ್ಲಿ ತೆಗೆಯಿರಿ" ಎಂದು ಹೇಳಿ. ಸಿಗದಿದ್ದರೆ ಯಾವ ಟ್ಯಾಗ್ ಇದ್ದಿದ್ದರೆ ಸಿಗುತ್ತಿತ್ತು ಎಂದು ಕೇಳಿ, ಆ ಕೊಂಡಿಯನ್ನು ಉಳಿಸಿದವರೇ ಅಲ್ಲೇ ತಿದ್ದಲಿ. ಟ್ಯಾಗ್ ಹಾಕುವುದು ಮನಸ್ಸಿಗೆ ನಾಟುವುದು, ಹುಡುಕಿ ಸಿಗದೆ ಹೋದ ಆ ಒಂದು ನಿಮಿಷದಲ್ಲಿ. ಎರಡು ವಾರದ ನಂತರ 30 ನಿಮಿಷದ ಇನ್ನೊಂದು ಭೇಟಿ ಖಂಡಿತ ಇಟ್ಟುಕೊಳ್ಳಿ.

ಪ್ರಶ್ನೆ: ಐವರ ಗುಂಪು ನಮ್ಮದು. ನಾಲ್ಕು ತಿಂಗಳಲ್ಲಿ 140 ಟ್ಯಾಗ್‌ಗಳಾಗಿವೆ, ಅರ್ಧದಷ್ಟನ್ನು ಒಂದೇ ಒಂದು ಸಲ ಬಳಸಿದ್ದೇವೆ. ಎಲ್ಲ ಅಳಿಸಿ ಮತ್ತೆ ಶುರುಮಾಡಬೇಕೇ?
– ಭಾಷಾ ಶಿಕ್ಷಕ

ಉತ್ತರ: ಬೇಡ. ಒಂದೇ ಸಲ ಬಳಸಿದ ಟ್ಯಾಗ್‌ಗಳೆಲ್ಲ ಕಸವಲ್ಲ. 'ವಚನ' ಎಂಬುದು ಒಂದೇ ಕೊಂಡಿಯಲ್ಲಿದ್ದರೂ ಆ ವಿಷಯದ ಹೆಸರು ಅದೇ, ಮುಂದೆ ಇನ್ನೂ ಬರುತ್ತವೆ, ಇರಲಿ. ತೆಗೆಯಬೇಕಾದವು ಮೂರು ಬಗೆ: ಸಮಾನಾರ್ಥಕಗಳು (ವ್ಯಾಕರಣ, ವ್ಯಾಕರಣ-ಪಾಠ, ಗ್ರಾಮರ್), ಕಾಗುಣಿತದ ತಪ್ಪುಗಳು, 'ಉಪಯುಕ್ತ' 'ಇತರೆ' ಮೊದಲಾದ ಅರ್ಥವಿಲ್ಲದವು. ಬ್ಯಾಕಪ್ ತೆಗೆದು, ಟ್ಯಾಗ್ ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿ ಒಟ್ಟಿಗೆ ಕೂರಿ. ಅಕಾರಾದಿಯಲ್ಲಿ ಕಾಗುಣಿತದ ಅವಳಿಗಳು ಅಕ್ಕಪಕ್ಕ ಬಂದು ಸಿಕ್ಕಿಬೀಳುತ್ತವೆ. ಸಮಾನಾರ್ಥಕಗಳು ಹಾಗೆ ಸಿಗುವುದಿಲ್ಲ, ಅವಕ್ಕೆ ಐವರ ಕಣ್ಣೂ ಬೇಕು. ಐವರ ಗುಂಪಿಗೆ 40 ಟ್ಯಾಗ್‌ಗಳ ಒಪ್ಪಿತ ಪಟ್ಟಿ ಒಂದು ಹಾಳೆಯಲ್ಲಿ ಸಾಕು. ಹೊಸ ವಿಷಯದ ಹೆಸರುಗಳಿಗೆ ಅಡ್ಡಿ ಮಾಡಬೇಡಿ. ತರಗತಿ, ರೂಪ, ಬಳಕೆಯ ಟ್ಯಾಗ್‌ಗಳನ್ನು ಮಾತ್ರ ಬಿಗಿಯಾಗಿ ಹಿಡಿಯಿರಿ. ಗೋಜಲು ಹುಟ್ಟುವುದು ಅವುಗಳಲ್ಲೇ. ಸ್ವಂತ ಖಾತೆಯಲ್ಲಿ ತಿದ್ದಿದ್ದು ಗುಂಪಿನಲ್ಲೂ ಬದಲಾಗಿದೆಯೇ ಎಂದು ಒಂದು ಕೊಂಡಿಯಲ್ಲಿ ಪರೀಕ್ಷಿಸಿ ಆಮೇಲೆ ಉಳಿದದ್ದಕ್ಕೆ ಕೈಹಾಕಿ.

ಪ್ರಶ್ನೆ: ನನ್ನ ಟ್ಯಾಗ್‌ಗಳನ್ನು ಬೇರೆಯವರು ನೋಡಬಹುದೇ?
– ಓದುಗರೊಬ್ಬರು

ಉತ್ತರ: ಸೆಟ್ಟಿಂಗ್ಸ್ ಮೇಲಿದೆ. ಉಳಿಸಿದ್ದೆಲ್ಲ ಸಾರ್ವಜನಿಕ ಎಂಬುದೇ ಕೆಲವು ಸೇವೆಗಳ ಮೂಲ ಸ್ಥಿತಿ. ಖಾತೆ ತೆರೆದೊಡನೆ ಅದನ್ನು ಖಾಸಗಿಗೆ ಬದಲಿಸಿ, ಹಂಚಬೇಕಾದುದನ್ನು ಮಾತ್ರ ಕೈಯಾರೆ ಹಂಚಿ. ಪಿನ್‌ಬೋರ್ಡ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಟ್ಯಾಗ್ ನಿಮಗೆ ಮಾತ್ರ ಕಾಣುತ್ತದೆ. ವಿದ್ಯಾರ್ಥಿಯ ಹೆಸರು, ಮಗುವಿನ ಕಲಿಕೆಯ ತೊಂದರೆ, ಇವು ಟ್ಯಾಗ್‌ನಲ್ಲೂ ವಿವರಣೆಯಲ್ಲೂ ಬರಲೇಬಾರದು, ಖಾಸಗಿ ಖಾತೆಯಲ್ಲೂ ಸಹ. ಇಂದು ಖಾಸಗಿಯಾಗಿರುವ ಸಂಗ್ರಹ ನಾಳೆ ಒಂದು ಗುಂಡಿ ಒತ್ತಿದರೆ ಗುಂಪಿನದಾಗುತ್ತದೆ.

ಪ್ರಶ್ನೆ: ಸೇವೆ ಮುಚ್ಚಿಹೋದರೆ ಇಷ್ಟು ವರ್ಷದ ಶ್ರಮದ ಗತಿ ಏನು?
– ಪದವಿಪೂರ್ವ ಉಪನ್ಯಾಸಕಿ

ಉತ್ತರ: ಈ ಭಯ ಆಧಾರವಿಲ್ಲದ್ದಲ್ಲ. ಡೆಲಿಷಿಯಸ್ 2005ರಲ್ಲಿ ಯಾಹೂ ಪಾಲಾಗಿ, ಕೈಯಿಂದ ಕೈಗೆ ಹೋಗಿ, 2017ರಲ್ಲಿ ಪಿನ್‌ಬೋರ್ಡ್ ಕೊಂಡುಕೊಂಡ ಮೇಲೆ ಹೊಸದೇನನ್ನೂ ಸೇರಿಸಲಾಗದಂತೆ ನಿಂತಿತು. ಸಂಶೋಧಕರ ನೆಚ್ಚಿನ ಸೈಟ್‌ಯುಲೈಕ್ 2019ರಲ್ಲಿ, ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ, ಪಾಕೆಟ್ 2025ರ ಜುಲೈ 8ರಂದು ಮುಚ್ಚಿದವು.

ಮೂರು ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಸಂಗ್ರಹವನ್ನು ಒಂದು ಕಡತವಾಗಿ ಇಳಿಸಿಕೊಳ್ಳಿ. ಎಚ್‌ಟಿಎಂಎಲ್, ಸಿಎಸ್‌ವಿ ಎರಡೂ ರೂಪದಲ್ಲಿ ಸಿಕ್ಕಿದರೆ ಎರಡೂ ಇಟ್ಟುಕೊಳ್ಳಿ. ಎಚ್‌ಟಿಎಂಎಲ್ ಕಡತ ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರ್ ಕಾಲದ ಮಾದರಿ, ಬಹುತೇಕ ಎಲ್ಲ ಸೇವೆಗಳೂ ಬ್ರೌಸರುಗಳೂ ಅದನ್ನು ಓದುತ್ತವೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ನಿಮ್ಮದೊಂದು ಟ್ಯಾಗ್ ಹುಡುಕಿ. ಕೊಂಡಿಯ ಸಾಲಿನೊಳಗೇ ಅದು ಕಂಡರೆ ಟ್ಯಾಗ್‌ಗಳು ಕಡತದಲ್ಲಿವೆ ಎಂದು ಅರ್ಥ. ಆದರೆ ಆ ಕಡತವನ್ನು ಕ್ರೋಮ್‌ಗೆ ತುಂಬಿಸಿದರೆ ಕೊಂಡಿಗಳು ಬರುತ್ತವೆ, ಟ್ಯಾಗ್‌ಗಳು ಉದುರಿಹೋಗುತ್ತವೆ. ಅಲ್ಲಿಂದ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಮೂಲ ಕಡತ ಅಳಿಸಿದವರು ಟ್ಯಾಗ್‌ಗಳನ್ನು ಪೂರ್ತಿ ಕಳೆದುಕೊಳ್ಳುತ್ತಾರೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಕಾಣಬಹುದು. ಗಾಬರಿಯಾಗಿ ಸೇವ್ ಒತ್ತಬೇಡಿ, ಒತ್ತಿದರೆ ಕೆಟ್ಟದ್ದೇ ಉಳಿಯುತ್ತದೆ. ಮುಚ್ಚಿ, ಖಾಲಿ ಹಾಳೆಯಲ್ಲಿ ಡೇಟಾ ಪಟ್ಟಿಯಿಂದ ಪಠ್ಯ ಅಥವಾ ಸಿಎಸ್‌ವಿ ತರುವ ಆಯ್ಕೆಗೆ ಹೋಗಿ, 65001 ಸಂಖ್ಯೆಯ ಯುಟಿಎಫ್-8 ಆರಿಸಿ.

ಸೇವೆ ಉಳಿದರೂ ಕೊಂಡಿಯ ಆ ಕಡೆಯ ಪುಟ ಉಳಿಯಬೇಕಲ್ಲ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಪಾಠಕ್ಕೆ ಬೇಕೇಬೇಕಾದ ಲೇಖನವನ್ನು ಉಳಿಸುವ ದಿನವೇ ಜಾಲಪುಟಗಳ ಪ್ರತಿ ಕಾಯ್ದಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ, 'ಸೇವ್ ಪೇಜ್ ನೌ' ಪೆಟ್ಟಿಗೆಯಲ್ಲಿ ವಿಳಾಸ ಹಾಕಿ, ಅದು ಕೊಡುವ ಪ್ರತಿಯ ವಿಳಾಸವನ್ನು ವಿವರಣೆಯಲ್ಲಿ ಬರೆದಿಡಿ. ಪಠ್ಯ, ಚಿತ್ರ ಇರುವ ಪುಟಗಳಿಗೆ ಇದು ಚೆನ್ನಾಗಿ ಆಗುತ್ತದೆ. ವಿಡಿಯೊ, ಆಟ, ಲಾಗಿನ್ ಬೇಕಾದ ಪುಟಗಳಿಗೆ ಇದನ್ನು ನಂಬಿಕೊಳ್ಳಬೇಡಿ.

ಪ್ರಶ್ನೆ: ಫೋನಿನಲ್ಲಿ ಏನಾದರೂ ಕಂಡಾಗ ಟ್ಯಾಗ್ ಯೋಚಿಸಲು ಸಮಯವಿರುವುದಿಲ್ಲ. ಆಮೇಲೆ ಮಾಡೋಣ ಎಂದು ಬಿಟ್ಟದ್ದು ಬಿಟ್ಟಂತೆಯೇ ಉಳಿಯುತ್ತದೆ.
– ಶಾರೀರಿಕ ಶಿಕ್ಷಣ ಶಿಕ್ಷಕ

ಉತ್ತರ: ಸೇವೆಯ ಆ್ಯಪ್ ಹಾಕಿಕೊಂಡರೆ ಫೋನಿನ ಶೇರ್ ಪಟ್ಟಿಯಲ್ಲೇ ಅದು ಬರುತ್ತದೆ. ಅಲ್ಲಿ ಒಂದೇ ಒಂದು ಟ್ಯಾಗ್ ಹಾಕಿ: 'ಆಮೇಲೆ'. ವಾರಕ್ಕೆ ಒಂದು ದಿನ, ಹದಿನೈದು ನಿಮಿಷ, ಕಂಪ್ಯೂಟರ್ ಮುಂದೆ ಕೂತು ಆ ಟ್ಯಾಗ್ ತೆರೆಯಿರಿ. ಪ್ರತಿಯೊಂದಕ್ಕೂ ಸರಿಯಾದ ಟ್ಯಾಗ್, ಒಂದು ಸಾಲು ವಿವರಣೆ ಬರೆದು 'ಆಮೇಲೆ' ತೆಗೆಯಿರಿ. ಅದನ್ನು ತೆಗೆಯುವುದನ್ನು ಮರೆತರೆ ಹೊಸದು ಯಾವುದು ಹಳೆಯದು ಯಾವುದು ಎಂದು ತಿಳಿಯದೆ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ತೆರೆದು ನೋಡಿದಾಗ ಯಾಕೆ ಉಳಿಸಿದೆ ಎಂಬುದೇ ನೆನಪಾಗದ ಕೊಂಡಿಗಳನ್ನು ಯೋಚಿಸದೆ ಅಳಿಸಿ. ಒಂದು ತಿಂಗಳು ದಾಟಿದ 'ಆಮೇಲೆ'ಗಳನ್ನೂ ಹಾಗೆಯೇ.